ಅಂದು ಟಾನಿಕ್, ಇಂದು ಶಹಬ್ಬಾಸ್‌ಗಿರಿ

1980ರ ದಶಕದಲ್ಲಿ ಹಾಸನದ ಕಡೆಯ ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳು ಮೈಕೈ ತುಂಬಿಕೊಂಡಿರಬೇಕಿತ್ತು. ಸೊರಗಿದ್ದರೆ ಗಂಡಿನ ಕಡೆಯವರು ಬಡತನವೋ ಕ್ಷಯವೋ ಎಂದು ಅನುಮಾನಿಸುತ್ತಿದ್ದರು. ಹಾಗಾಗಿ ಸೋದರತ್ತೆಯ ಮಗಳು ಪಿಯುಸಿ ಓದುವಾಗ ಊಟ ಬಿಡತೊಡಗಿದ್ದು ಯಾರ ಕಣ್ಣಿಗೂ ತಪ್ಪಲಿಲ್ಲ.

ಮೊದಲು ಸೋಮವಾರದ ಒಪ್ಪೊತ್ತು, ಆಮೇಲೆ ಶನಿವಾರದ್ದು, ಕೊನೆಗೆ ದಿನಾ ರಾತ್ರಿ. ಎಲ್ಲರಿಗೂ ಬಡಿಸುವವಳು ಅವಳೇ. ತನ್ನ ತಟ್ಟೆಯಲ್ಲಿ ಮಾತ್ರ ಅರ್ಧ ದೋಸೆಯನ್ನು ಚೂರುಚೂರು ಮಾಡಿ ಅಂಚಿಗೆ ಸರಿಸುತ್ತಿದ್ದಳು. ಅಮ್ಮ ಕೇಳಿದರೆ, “ಹೊಟ್ಟೆ ಉಬ್ಬರ ಅತ್ತೆ” ಎನ್ನುತ್ತಿದ್ದಳು. ದಪ್ಪಗಾಗುತ್ತೇನೆಂಬ ಮಾತು ಅವಳ ಬಾಯಲ್ಲಿ ಒಮ್ಮೆಯೂ ಬರಲಿಲ್ಲ. ಏಪ್ರಿಲ್ ಬಿಸಿಲಲ್ಲೂ ಸ್ವೆಟರ್ ಬೇಕಿತ್ತು. ಮುಟ್ಟು ನಿಂತಿತು. ತೋಳಿನ ಮೇಲೆ ನವಿರಾದ ಕೂದಲು ಬೆಳೆಯಿತು. ಡಾಕ್ಟರು ರಕ್ತ ಕಡಿಮೆಯೆಂದು ಟಾನಿಕ್ ಬರೆದರು, ಜಂತುಹುಳದ ಮಾತ್ರೆ ಕೊಟ್ಟರು. ಅಜ್ಜಿ ದೃಷ್ಟಿ ತೆಗೆದು ಗ್ರಹಶಾಂತಿಯನ್ನೂ ಮಾಡಿಸಿದರು. ಏನು ಕಾಯಿಲೆ ಎಂದು ಗೊತ್ತಿರಲಿಲ್ಲ. ಕಾಯಿಲೆ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ಲಂಡನ್ನಿನ ವೈದ್ಯ ವಿಲಿಯಂ ಗಲ್ ಇದನ್ನು ‘ಅನೊರೆಕ್ಸಿಯಾ ನರ್ವೋಸಾ’ ಎಂದು ಕರೆದು ಆಗಲೇ ನೂರು ವರ್ಷ ದಾಟಿತ್ತು. 1983ರಲ್ಲಿ ಗಾಯಕಿ ಕ್ಯಾರೆನ್ ಕಾರ್ಪೆಂಟರ್ 32ನೇ ವಯಸ್ಸಿಗೇ ಇದರಿಂದ ಹೃದಯ ಸೋತು ತೀರಿಕೊಂಡ ಮೇಲೆ ಅಮೆರಿಕದ ಜನಸಾಮಾನ್ಯರಿಗೂ ತಿಳಿಯಿತು. ಆ ಹೆಸರು ನಮ್ಮವರೆಗೆ ಬಂದಿದ್ದರೂ ದಪ್ಪಗಾಗುವ ಭಯವೆಂಬ ಪುಸ್ತಕದ ಲಕ್ಷಣ ಇವಳಿಗೆ ಹೊಂದುತ್ತಿರಲಿಲ್ಲ. ಹೊಟ್ಟೆ ಉಬ್ಬರವೆಂದಷ್ಟೇ ಹೇಳಿ ಊಟ ಬಿಡುವವರ ಬಗ್ಗೆ ಹಾಂಗ್‌ಕಾಂಗ್‌ನ ಸಿಂಗ್ ಲೀ ಮತ್ತು ಸಂಗಡಿಗರು ಬರೆದದ್ದು 1990ರ ದಶಕದಲ್ಲಿ. ಅತ್ತೆಯ ಮಗಳು ಹೇಗೋ ಉಳಿದಳು. ನಲವತ್ತಕ್ಕೇ ಮೂಳೆ ಟೊಳ್ಳಾಗಿತ್ತು.

1996ರ ನವೆಂಬರಿನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ವಿಶ್ವಸುಂದರಿ ಸ್ಪರ್ಧೆ ನಡೆಯಿತು. ಸಂಸ್ಕೃತಿ ಕೆಡುತ್ತದೆಂದು ಬೀದಿಗಿಳಿದವರಿದ್ದರು. ಈಜುಡುಗೆಯ ಸುತ್ತನ್ನು ಸೇಶೆಲ್ಸ್‌ಗೆ ಒಯ್ದರು. ಜಗಳವೆಲ್ಲ ಬಟ್ಟೆಯ ಅಳತೆಗೆ. ನಮ್ಮ ಮನೆಗಳೊಳಗೆ ಬಂದು ಕೂತದ್ದು ಸೊಂಟದ ಅಳತೆ.

ಈಗ ತಂಗಿಯ ಮಗಳು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಅವಳಿಗೆ ವ್ರತದ ನೆಪ ಬೇಕಾಗಲಿಲ್ಲ, ‘ಇಂಟರ್ಮಿಟೆಂಟ್ ಫಾಸ್ಟಿಂಗ್’ ಎಂದರೆ ಮುಗಿಯಿತು. ಅನ್ನದ ಪ್ರತಿ ಚಮಚದ ಕ್ಯಾಲೊರಿಯೂ ಮೊಬೈಲಿನಲ್ಲಿ ದಾಖಲಾಗುತ್ತಿತ್ತು. ಮದುವೆ ಛತ್ರದಲ್ಲಿ ನೆಂಟರು ಸುತ್ತುವರಿದು, “ಎಷ್ಟ್ ಸಣ್ಣ ಆಗಿದೀಯೇ! ಏನ್ ಮಾಡ್ದೆ, ನಮಗೂ ಹೇಳು” ಎಂದರು. ಆಗಲೇ ಅವಳ ಮುಟ್ಟು ನಿಂತು ತಿಂಗಳುಗಳಾಗಿದ್ದವು. ಹೀಗೆ ಹೊಗಳಿಸಿಕೊಂಡ ಮಗುವಿಗೆ ತನಗೆ ಕಾಯಿಲೆಯಿದೆ ಎಂದು ಹೇಗೆ ಅನ್ನಿಸಬೇಕು? ಮೆಟ್ಟಿಲ ಮೇಲೆ ಕಣ್ಣು ಕತ್ತಲಿಟ್ಟು ಬಿದ್ದಾಗ ಅವಳ ನಾಡಿಬಡಿತ ಐವತ್ತಕ್ಕಿಂತ ಕೆಳಗಿತ್ತು.

ಈ ಸಲ ಡಾಕ್ಟರು ಕಾಯಿಲೆಯನ್ನು ಕೂಡಲೇ ಗುರುತಿಸಿದರು. ಉಪವಾಸ ಬಿದ್ದ ದೇಹಕ್ಕೆ ಒಮ್ಮೆಗೇ ಉಣಿಸಿದರೆ ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೇ ಅಪಾಯ. ಹಾಗಾಗಿ ಆಸ್ಪತ್ರೆಯಲ್ಲಿ ಊಟವನ್ನು ಹಂತಹಂತವಾಗಿ ಏರಿಸಿದರು. ಮನೆಗೆ ಬಂದ ಮೇಲೆ ಪ್ರತಿ ಹೊತ್ತೂ ಅಪ್ಪನೋ ಅಮ್ಮನೋ ಎದುರು ಕೂತು ಉಣ್ಣಿಸಬೇಕು. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯವರು ಈ ಕ್ರಮವನ್ನು ರೂಪಿಸಿದ್ದು, ಅತ್ತೆಯ ಮಗಳು ಟಾನಿಕ್ ಕುಡಿಯುತ್ತಿದ್ದ ಅದೇ ದಶಕದಲ್ಲಿ.

ಕಳೆದ ದೀಪಾವಳಿಗೆ ತಂಗಿ ಬರುವವರಿಗೆಲ್ಲ ಮೊದಲೇ ಫೋನ್ ಮಾಡಿ, ಮಗಳ ಮುಂದೆ ದಪ್ಪ-ಸಣ್ಣದ ಮಾತು ಬೇಡವೆಂದಿದ್ದಳು. ಚಿಕ್ಕಮ್ಮ ಒಳಗೆ ಬಂದವರೇ, “ಅಯ್ಯೋ, ಆಗಲೇ ಚೆನ್ನಾಗಿದ್ದೆ ಕಣೇ” ಎಂದರು. ಹುಡುಗಿ ಆ ರಾತ್ರಿ ಊಟ ಮಾಡಲಿಲ್ಲ. ತಂಗಿ ಬೆಳಿಗ್ಗೆ ಮತ್ತೆ ಇಡ್ಲಿ ತಟ್ಟೆಯ ಎದುರು ಅವಳ ಜೊತೆ ಕೂತಳು, ಒಂದೂವರೆ ಗಂಟೆ.