ಹಿಟ್ಟಿನ ಮರ್ಯಾದೆ

ಕನ್ನಡದಲ್ಲಿ ಅಡುಗೆಯ ಕುರಿತ ಬರವಣಿಗೆ ಸಾವಿರ ವರ್ಷಗಳಷ್ಟು ಹಳೆಯದು. ಇಮ್ಮಡಿ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕವಿದ್ಯೆಗೆ ಒಂದು ಭಾಗವೇ ಮೀಸಲಾಗಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಜೈನಕವಿ ಮೂರನೆಯ ಮಂಗರಸನು ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ರಚಿಸಿ, ಹಿಟ್ಟಿನ ಭಕ್ಷ್ಯಗಳಿಗಾಗಿಯೇ ಪಿಷ್ಟಪಾಕವೆಂಬ ಅಧ್ಯಾಯವನ್ನು ಇರಿಸಿದನು. ಹಿಟ್ಟಿನಿಂದ ಏನೇನು ಮಾಡಬಹುದೆಂಬುದನ್ನು ಇಂಥ ಗ್ರಂಥಗಳು ತಿಳಿಸುತ್ತವೆ. ಆ ಹಿಟ್ಟನ್ನು ಬೀಸಿದವರು ಯಾರು, ಅದರ ಹದವನ್ನು ಯಾರಿಂದ ಕಲಿತರು ಎಂಬುದನ್ನು ತಿಳಿಯಬೇಕಾದರೆ ಮನೆಗಳ ಕಡೆಗೇ ನೋಡಬೇಕು. ನಾನು ನನ್ನ ಮನೆತನದ ಕಡೆಗೆ ನೋಡಿದ್ದೇನೆ.

ನಮ್ಮದು ಬೆಳಗಾವಿ ಜಿಲ್ಲೆಯ ಒಕ್ಕಲುತನದ ಜೈನ ಕುಟುಂಬ. ತಂದೆಯ ಊರು ಇರುವುದು ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದು ಈಗ ಸ್ವತಂತ್ರ ತಾಲ್ಲೂಕಾಗಿರುವ ಮೂಡಲಗಿಯ ಸೀಮೆಯಲ್ಲಿ. ಅವ್ವನ ತವರು ಹುಕ್ಕೇರಿಯ ಕಡೆ. ಸೋದರತ್ತೆಯನ್ನು ಕೊಟ್ಟದ್ದು ಗೋಕಾಕಕ್ಕೆ. ಹೆಣ್ಣು ಕೊಟ್ಟು ತರುವ ಈ ಸಂಬಂಧದಲ್ಲಿ ಒಡವೆ ವಸ್ತ್ರಗಳ ಜೊತೆಗೆ ಅಡುಗೆಯ ಹದವೂ ಊರಿಂದೂರಿಗೆ ಸಾಗಿತು. ಮೂಡಲಗಿಯ ಎರೆಭೂಮಿಯ ಬಿಳಿಜೋಳದ ರೊಟ್ಟಿಗೆ ಅವ್ವ ತನ್ನ ತವರಿನಿಂದ ಸಂಕೇಶ್ವರದ ಮೆಣಸಿನಕಾಯಿಯ ಕೆಂಪು ಖಾರವನ್ನು ತಂದಳು. ಗೋಕಾಕದ ಅತ್ತೆ ಮನೆಯಲ್ಲಿ ಬಾಣಂತಿಯಿದ್ದಾಗಲೆಲ್ಲ ಅಂಟಿನ ಉಂಡಿ ಕಳಿಸುತ್ತಿದ್ದಳು. ತುಪ್ಪದಲ್ಲಿ ಕರಿದರೆ ಅರಳುವ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಇವು ಅದರ ಸಾಮಗ್ರಿ. ಪೇಟೆಯಲ್ಲಿ ಹೆಸರಾದ ಗೋಕಾಕದ ಕರದಂಟು ಈ ಉಂಡಿಯ ಹತ್ತಿರದ ಬಂಧು. ಕರಿದ ಅಂಟೆಂಬುದು ಅದರ ಹೆಸರಿನಲ್ಲಿಯೇ ಇದೆ.

ಈ ಅಡುಗೆಗೆ ಧರ್ಮವು ಹಾಕಿದ ಗೆರೆಗಳು ಹಲವು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಗಜ್ಜರಿ, ಮೂಲಂಗಿಗಳು ಒಲೆಯ ಹತ್ತಿರ ಬರುತ್ತಿರಲಿಲ್ಲ. ಒಗ್ಗರಣೆಗೆ ಇಂಗು ಜೀರಿಗೆ, ರುಚಿಗೆ ಶೇಂಗಾ, ಗುರೆಳ್ಳು, ಹುಣಸೆಹಣ್ಣು. ಚಾತುರ್ಮಾಸದಲ್ಲಿ ಸೊಪ್ಪು ನಿಂತರೆ ಬೇಳೆಯೂ ಝುಣಕವೂ ಅದರ ಸ್ಥಾನವನ್ನು ತುಂಬುತ್ತಿದ್ದವು. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಬಳಸಬೇಕು, ಹೊತ್ತು ಮುಳುಗುವ ಮೊದಲೇ ಉಣ್ಣಬೇಕು. ಇವೆಲ್ಲ ಸಾಮಾನ್ಯವಾಗಿ ತಿಳಿದ ಸಂಗತಿಗಳೇ. ಅಷ್ಟಾಗಿ ಗಮನಕ್ಕೆ ಬಾರದ ಇನ್ನೊಂದು ನಿಯಮವಿದೆ. ಅದು ಹಿಟ್ಟಿನ ಮರ್ಯಾದೆ. ಇಲ್ಲಿ ಮರ್ಯಾದೆಯೆಂದರೆ ಕಾಲದ ಮಿತಿ. ಬೀಸಿದ ಹಿಟ್ಟು ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಮಾತ್ರ ಬಳಕೆಗೆ ಯೋಗ್ಯ. ಆ ಮೇಲೆ ಅದರಲ್ಲಿ ಸೂಕ್ಷ್ಮಜೀವಗಳು ಹುಟ್ಟುತ್ತವೆಂಬುದು ನಿಯಮದ ಕಾರಣ.

ಅಹಿಂಸೆಗಾಗಿ ಹುಟ್ಟಿದ ಈ ನಿಯಮ ರೊಟ್ಟಿಯ ಹದಕ್ಕೂ ಒಪ್ಪುತ್ತದೆ. ಗೋದಿಯಲ್ಲಿರುವಂಥ ನಾರುಗಟ್ಟುವ ಅಂಟು ಜೋಳದಲ್ಲಿಲ್ಲ. ಕುದಿಯುವ ಎಸರನ್ನು ಹಿಟ್ಟಿಗೆ ಬೆರೆಸಿದಾಗ ಅದರ ಪಿಷ್ಟವು ಬೆಂದು ಜಿಗಿ ಹಿಡಿಯುತ್ತದೆ. ಆ ಜಿಗಿಯ ಬಲದಿಂದಲೇ ರೊಟ್ಟಿ ಅಂಗೈಯ ಬಡಿತಕ್ಕೆ ಹಿಗ್ಗುತ್ತದೆ. ಹಿಟ್ಟು ಹಳತಾದಂತೆ ಜಿಗಿ ಕಳೆದುಕೊಳ್ಳುತ್ತದೆ, ರೊಟ್ಟಿಯ ಅಂಚು ಸೀಳುತ್ತದೆ. ಹೀಗಾಗಿ ವ್ರತ ಮುರಿದುದು ಹಿಟ್ಟಿನ ಲೆಕ್ಕದಲ್ಲಿ ತಪ್ಪಿಸಿಕೊಂಡರೂ ರೊಟ್ಟಿಯ ಅಂಚಿನಲ್ಲಿ ಕಾಣಿಸಿಕೊಳ್ಳುತ್ತಿತ್ತು.

ಆದರೆ ಈ ಸಾಮರಸ್ಯಕ್ಕೆ ಬೆಲೆ ತೆತ್ತವರು ಯಾರು? ಹದಿನೈದು ಜನರ ಕೂಡುಕುಟುಂಬದಲ್ಲಿ ಮೂರು ದಿನಕ್ಕೊಮ್ಮೆ ಹಿಟ್ಟು ಮುಗಿಯಬೇಕೆಂದರೆ ಬೀಸುಕಲ್ಲಿಗೆ ಬಿಡುವೇ ಇಲ್ಲ. ನಮ್ಮ ಆಯಿ ಇದನ್ನು ತನ್ನದೇ ರೀತಿಯಲ್ಲಿ ಹೇಳುತ್ತಿದ್ದಳು: “ಶಾಸ್ತ್ರಾ ಬರದಾವ್ರು ಒಂದ ಮಳಿಗಾಲ ಕಲ್ಲ ತಿರುವಿದ್ರ, ಮಳ್ಯಾಗೂ ಏಳ ದಿನಾ ನಡೀತೈತಿ ಅಂತ ಬರೀತಿದ್ರು.” ಹೀಗೆಂದವಳು ಬದುಕಿರುವವರೆಗೆ ಆ ಮಿತಿಯನ್ನು ಒಂದು ದಿನವೂ ಮೀರಲಿಲ್ಲ. ಆಕೆಯ ಮಾತಿನಲ್ಲಿ ಅವಿಶ್ವಾಸವಿರಲಿಲ್ಲ. ಪುಣ್ಯ ಮನೆತನದ್ದು, ರಟ್ಟೆ ತನ್ನದು ಎಂಬ ಅರಿವಿತ್ತು. ನಮ್ಮ ಬೀಸುವ ಪದಗಳ ತ್ರಿಪದಿಗಳನ್ನು ಅಭ್ಯಾಸ ಮಾಡುವವರು ಅವುಗಳಲ್ಲಿ ತವರಿನ ಹಂಬಲವನ್ನು ಗುರುತಿಸುತ್ತಾರೆ. ಕಲ್ಲು ಎಷ್ಟು ದಿನಕ್ಕೊಮ್ಮೆ ತಿರುಗುತ್ತಿತ್ತು, ಏಕೆ ತಿರುಗುತ್ತಿತ್ತು ಎಂಬ ಪ್ರಶ್ನೆಯೂ ಆ ಅಧ್ಯಯನಕ್ಕೆ ಸೇರಬೇಕು.

ಈಗ ಆ ಕಲ್ಲು ನಿಂತಿದೆ. ಮೊದಲು ಊರಿಗೆ ಗಿರಣಿ ಬಂತು. ಹಿಡಕಲ್ ಜಲಾಶಯದ ಮತ್ತು ಘಟಪ್ರಭೆಯ ಕಾಲುವೆಗಳ ನೀರಿನೊಂದಿಗೆ ಹೊಲಕ್ಕೆ ಕಬ್ಬು ಬಂತು. ಜೋಳ ಬೆಳೆಯುತ್ತಿದ್ದ ನಮ್ಮ ಮನೆಯವರೇ ಇಂದು ಸಂತೆಯಲ್ಲಿ ಜೋಳ ಕೊಳ್ಳುತ್ತಾರೆ. ಹೆಣ್ಣುಮಕ್ಕಳ ರಟ್ಟೆಗೆ ಬಿಡುವು ದೊರೆತುದಕ್ಕೆ ನಾನು ಮರುಗುವುದಿಲ್ಲ. ಮರುಗುವವರು ಒಮ್ಮೆ ಕಲ್ಲಿನ ಗೂಟ ಹಿಡಿದು ನೋಡಬೇಕು. ನನ್ನನ್ನು ಕಾಡುವುದು ಬೇರೆ ವಿಷಯ. ಅವ್ವನ ಅಡುಗೆಯನ್ನು ಬರೆದಿಡಲು ಕುಳಿತಾಗ, ನೀರೆಷ್ಟು ಎಂದರೆ “ಹಿಟ್ಟ ಕೇಳಿದಷ್ಟ” ಎಂದಳು. ಖಾರವೆಷ್ಟು ಎಂದರೆ “ನಮ್ಮವ್ವ ಹಾಕತಿದ್ದಷ್ಟ” ಎಂದಳು. ಅಳತೆ ಕೇಳಿದರೆ ದೊರೆಯುತ್ತಿದ್ದುದು ಒಬ್ಬ ಹೆಣ್ಣಿನ ನೆನಪು.

ನಮ್ಮ ಮನೆಯ ವಂಶಾವಳಿಯಲ್ಲಿ ಏಳು ತಲೆಮಾರಿನ ಗಂಡಸರ ಹೆಸರುಗಳಿವೆ. ಅವರ ಹೆಂಡಂದಿರು ಯಾವ ಊರಿನವರೆಂಬುದು ಅದರಲ್ಲಿಲ್ಲ. ಆದರೆ ಕೆಂಪು ಖಾರದ ರುಚಿ ಹುಕ್ಕೇರಿಯನ್ನು ಹೇಳುತ್ತದೆ, ಅಂಟಿನ ಉಂಡಿ ಗೋಕಾಕವನ್ನು ಹೇಳುತ್ತದೆ. ಅಜ್ಜಿಯ ಅಜ್ಜಿ ಹೋಳಿಗೆಯ ಕಡಲೆಬೇಳೆ ಬೇಯಿಸಿದ ನೀರಿನಿಂದ ಕಟ್ಟಿನ ಸಾರು ಮಾಡುತ್ತಿದ್ದ ಬಗೆ ಇನ್ನೂ ಒಂದು ಊರನ್ನು ಹೇಳುತ್ತಿರಬಹುದು. ಅದನ್ನು ಕೇಳಿ ತಿಳಿಯಲು ಅವ್ವನ ತಲೆಮಾರಿನವರು ಇಂದು ಇಬ್ಬರೇ ಉಳಿದಿದ್ದಾರೆ. ಹಸ್ತಪ್ರತಿಯನ್ನು ಸಂಪಾದಿಸುವವರು ಕೊನೆಯ ಗರಿಯಲ್ಲಿ ಲಿಪಿಕಾರನ ಹೆಸರನ್ನೂ ಊರನ್ನೂ ಹುಡುಕುತ್ತಾರೆ. ಸಂಶೋಧನೆಗೆ ತೊಡಗಿರುವ ಕಿರಿಯರು ಈ ರಜೆಯಲ್ಲಿ ಮನೆಗೆ ಹೋದಾಗ ಅದೇ ಶ್ರದ್ಧೆಯಿಂದ ಅಡುಗೆಮನೆಯಲ್ಲಿ ಕುಳಿತು, ಒಂದೊಂದು ಪದಾರ್ಥವೂ ಯಾರ ತವರಿನಿಂದ ಬಂದುದೆಂದು ಕೇಳಿ ಬರೆದುಕೊಳ್ಳಲಿ. ಹಿಟ್ಟಿಗೆ ಇರುವಂತೆ ನೆನಪಿಗೂ ಒಂದು ಮಿತಿಯಿದೆ.