ತಿಗರಿಯೂ ತೊಟ್ಟಿಲೂ

ಕಾಯಕವೆಂಬ ಮಾತು ಇಂದು ನಮ್ಮ ಸಮಾಜದಲ್ಲಿ ಧಾರಾಳವಾಗಿ ಬಳಕೆಯಾಗುತ್ತಿದೆ. ಶರಣರ ಜಯಂತಿಯ ಭಾಷಣಗಳಲ್ಲಿ, ಸಂಘ-ಸಂಸ್ಥೆಗಳ ಫಲಕಗಳಲ್ಲಿ, ಲಗ್ನಪತ್ರಿಕೆಗಳ ಶಿರೋಭಾಗದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ಆದರೆ ಕಾಯಕ ಮಾಡುವ ಜೀವಕ್ಕೆ ಒಂದು ಮನೆ ಇರುತ್ತದೆ; ಆ ಮನೆಯಲ್ಲಿ ಹಸಿದ ಮಗು, ವಯಸ್ಸಾದ ಅತ್ತೆ-ಮಾವ, ತಿಂಗಳ ಕೊನೆಯ ಲೆಕ್ಕ ಇವೆಲ್ಲವೂ ಇರುತ್ತವೆ ಎಂಬುದನ್ನು ಆ ಸಂದರ್ಭಗಳಲ್ಲಿ ನೆನೆಯುವವರು ವಿರಳ. ಮನಸ್ಸು ಒಲಿದ ಕಾಯಕ, ಹೊಟ್ಟೆಯ ಸಲುವಾಗಿ ಮಾಡುವ ಉಪಕಸುಬು, ಸಂಸಾರದ ಕರ್ತವ್ಯ ಈ ಮೂರನ್ನೂ ಒಂದೇ ಸೂರಿನಡಿಯಲ್ಲಿ ನಡೆಸುವುದು ಹೇಗೆ? ಮಣ್ಣಿನ ಕೆಲಸವನ್ನು ಆಯ್ದುಕೊಂಡ ಕಲಾವಿದರ ಬದುಕನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ವಿಚಾರಿಸಬಯಸುತ್ತೇವೆ.

ಮಣ್ಣಿನ ಕಾಯಕವೆಂದೊಡನೆ ನಮ್ಮ ಪರಂಪರೆಗೆ ನೆನಪಾಗುವವನು ಕುಂಬಾರ ಗುಂಡಯ್ಯ. ಬೀದರ ಜಿಲ್ಲೆಯ ಭಾಲ್ಕಿಯೊಡನೆ ಅವನ ಹೆಸರು ಬೆಸೆದುಕೊಂಡಿದೆ. ಮಹಾಕವಿ ಹರಿಹರನು ಅವನನ್ನು ಕುರಿತು ಒಂದು ರಗಳೆಯನ್ನೇ ರಚಿಸಿದ್ದಾನೆ. ಮಡಕೆಯನ್ನು ತಟ್ಟುವ ನಾದಕ್ಕೆ ಸಾಕ್ಷಾತ್ ಶಿವನೇ ಇಳಿದು ಬಂದು ಕುಣಿದನೆಂಬ ಕಥೆಯನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಆದರೆ ಆ ಕಥೆಯನ್ನು ಹೇಳುವಾಗ ಗುಂಡಯ್ಯನ ಸತಿ ಕೇತಲದೇವಿಯ ಹೆಸರನ್ನು ನಾವು ಹಲವು ಸಲ ಬಿಟ್ಟುಬಿಡುತ್ತೇವೆ. ಆಕೆ ಕೇವಲ ಗುಂಡಯ್ಯನ ಮಡದಿಯಲ್ಲ, ವಚನಕಾರ್ತಿಯೂ ಹೌದು. ಗಂಡ ಹೆಂಡಿರಿಬ್ಬರೂ ಕೂಡಿ ನಡೆಸಿದ ಮನೆತನದ ಕಾಯಕವದು. ಸಂಸಾರವನ್ನು ಬದಿಗೆ ಸರಿಸಿ ಗುಂಡಯ್ಯನು ಮಡಕೆ ತಟ್ಟಲಿಲ್ಲ. ಸಂಸಾರದ ನಡುವೆಯೇ ಕುಳಿತು ತಟ್ಟಿದನು.

ಹಳೆಯ ಕುಂಬಾರರ ಮನೆಗಳನ್ನು ಕಂಡವರಿಗೆ ಇದರ ಅರ್ಥ ಸುಲಭವಾಗಿ ಆಗುತ್ತದೆ. ಒಬ್ಬರು ಕೆರೆಯಂಗಳದಿಂದ ಮಣ್ಣು ತರುತ್ತಿದ್ದರು, ಇನ್ನೊಬ್ಬರು ಅದನ್ನು ಸೋಸಿ ತುಳಿಯುತ್ತಿದ್ದರು, ಯಜಮಾನನು ತಿಗರಿಯ ಮುಂದೆ ಕೂರುತ್ತಿದ್ದನು. ಹೆಣ್ಣುಮಕ್ಕಳು ಹಸಿ ಮಡಕೆಗಳನ್ನು ನೆರಳಿನಲ್ಲಿ ಆರಿಸಿ ಬಣ್ಣ ಬಳಿಯುತ್ತಿದ್ದರು. ಆವಿಗೆಗೆ ಬೆಂಕಿ ಇಟ್ಟ ದಿನ ಮನೆಮಂದಿಯೆಲ್ಲ ಎಚ್ಚರವಾಗಿರುತ್ತಿದ್ದರು. ಇಂದಿನ ಸಿರಾಮಿಕ್ ಕಲಾವಿದರ ಸ್ಥಿತಿ ಬೇರೆ. ಕಲಾಶಾಲೆಯಲ್ಲಿ ವಿದ್ಯೆ ಕಲಿತು, ಮನೆಯ ಮಹಡಿಯ ಮೇಲೋ ಹಿತ್ತಲಿನಲ್ಲೋ ಒಂದು ವಿದ್ಯುತ್ ಭಟ್ಟಿಯನ್ನಿಟ್ಟುಕೊಂಡು, ಮಣ್ಣು ನಾದುವುದರಿಂದ ಹಿಡಿದು ಮಾರಾಟದವರೆಗೆ ಎಲ್ಲವನ್ನೂ ಒಬ್ಬರೇ ಮಾಡಬೇಕಾಗಿದೆ. ಮನೆಯವರ ದೃಷ್ಟಿಯಲ್ಲಿ ಅದೊಂದು ಹವ್ಯಾಸ. ಅವರ ಪಾಲಿಗೆ ಅದೇ ಉಸಿರು. ತೊಡಕು ಹುಟ್ಟುವುದು ಇಲ್ಲಿಯೇ.

ಧಾರವಾಡದಲ್ಲಿ ಇಂಥ ಒಂದು ಮನೆ ನಮಗೆ ಬಹುಕಾಲದಿಂದ ಪರಿಚಿತ. ಆ ಮನೆಯ ಸೊಸೆ ಮಣ್ಣಿನ ಕಲಾವಿದೆ. ಪತಿ ಬ್ಯಾಂಕಿನ ನೌಕರ. ಐದು ವರ್ಷದ ಒಬ್ಬ ಮಗ. ಒಂದು ದಿನ ಅತ್ತೆಯವರು ನಮ್ಮನ್ನು ಪ್ರಸಾದಕ್ಕೆ ಕರೆಸಿ, ಊಟವಾದ ಬಳಿಕ ಮಾತು ತೆಗೆದರು. "ಗುರುಗಳ, ಭಟ್ಟಿ ಹಚ್ಚಿದ ದಿನಾ ಈಕಿ ಊಟಾನೂ ಮಾಡೂದಿಲ್ರೀ. ಕೂಸಿಗೆ ಜ್ವರ ಬಂದಾಗೂ ಮ್ಯಾಲೆ-ಕೆಳಗ ಓಡ್ಯಾಡತಿದ್ಲು. ಮಾರಿ ಬಿಡೂದು ಚೊಲೊ ಅನ್ನಸ್ತದ. ನೀವರ ಒಂದು ಮಾತು ಹೇಳ್ರಿ" ಎಂದರು. ಭಟ್ಟಿಯನ್ನು ಕೊಳ್ಳಲು ಬೆಳಗಾವಿಯಿಂದ ಒಬ್ಬರು ಬಂದು ನೋಡಿಯೂ ಹೋಗಿದ್ದರು. ಆಕೆ ಒಪ್ಪಿದ್ದಳು. ಒಪ್ಪಿದವಳ ಮುಖದಲ್ಲಿ ಮಾತ್ರ ನೆಮ್ಮದಿ ಇರಲಿಲ್ಲ.

ಆದದ್ದಿಷ್ಟು. ಒಂದು ಮದುವೆಯ ಮನೆಯವರು ಬಂದವರಿಗೆ ಉಡುಗೊರೆಯಾಗಿ ಕೊಡಲು ನಾಲ್ಕುನೂರು ಹಣತೆಗಳನ್ನು ಕೇಳಿದ್ದರು. ದಿನ ಸಮೀಪಿಸಿತ್ತು, ಮಗುವಿಗೆ ಜ್ವರ. ಕೊನೆಯ ಕಂತಿನ ಭಟ್ಟಿ ಪೂರ್ಣ ಆರುವ ಮೊದಲೇ ಬಾಗಿಲು ತೆಗೆಯಲಾಯಿತು. ತಣ್ಣನೆಯ ಗಾಳಿ ತಾಗಿ ಅರ್ಧದಷ್ಟು ಹಣತೆಗಳು ಬಿರಿದವು. ಮುಂಗಡ ಹಣ ಮರಳಿಸಬೇಕಾಯಿತು. ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು.

ನಾವು ಆಕೆಯನ್ನು ಒಂದೇ ಪ್ರಶ್ನೆ ಕೇಳಿದೆವು: "ತಾಯೀ, ಕಳೆದ ವರ್ಷ ಎಷ್ಟು ಸಲ ಭಟ್ಟಿ ಸುಟ್ಟಿರಿ? ಅದರಲ್ಲಿ ನಿಮ್ಮ ಸ್ವಂತ ಕೆಲಸಕ್ಕೆಂದು ಸುಟ್ಟದ್ದು ಎಷ್ಟು?" ಆಕೆ ಗೋಡೆಗೆ ತೂಗುಹಾಕಿದ್ದ ಕ್ಯಾಲೆಂಡರಿನ ಹಾಳೆಗಳನ್ನು ತಿರುವಿ ಎಣಿಸಿ ಹೇಳಿದಳು: "ಇಪ್ಪತ್ತೆರಡು ಸಲ, ಗುರುಗಳೇ. ನನ್ನದು ಅಂತ ಎರಡು." ಉಳಿದ ಇಪ್ಪತ್ತೂ ಉಡುಗೊರೆಯ ಹಣತೆಗಳು, ಹೊಸ ಮನೆಗಳ ನಾಮಫಲಕಗಳು, ಚಹಾದಂಗಡಿಯ ಕಪ್ಪುಗಳು, ಶನಿವಾರ-ರವಿವಾರ ಕಲಿಯಲು ಬರುವ ಮಕ್ಕಳ ಗೊಂಬೆಗಳು. ಆ ಎಣಿಕೆಯನ್ನು ಕೇಳಿ ಅತ್ತೆಯವರೂ ಸುಮ್ಮನಾದರು. ಕಾಯಕಕ್ಕೂ ಸಂಸಾರಕ್ಕೂ ಜಗಳವೆಂದು ಎಲ್ಲರೂ ತಿಳಿದಿದ್ದರು. ನಿಜವಾಗಿ ಇವೆರಡರ ಹೊತ್ತನ್ನೂ ನುಂಗಿದ್ದು ಉಪಕಸುಬು.

ಈ ಸಂದರ್ಭದಲ್ಲಿ ನಮಗೆ ನೆನಪಾದವಳು ಆಯ್ದಕ್ಕಿ ಲಕ್ಕಮ್ಮ. ಪತಿ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಮನೆಗೆ ಬೇಕಾದಷ್ಟನ್ನು ಮಾತ್ರ ಇರಿಸಿ ಮಿಕ್ಕದ್ದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳುಹಿದ ತಾಯಿ ಆಕೆ. ಈ ಪ್ರಸಂಗವನ್ನು ನಾವು ಬಡತನದ ಹಿರಿಮೆಯೆಂದು ಬಣ್ಣಿಸಿ ಬಿಟ್ಟುಬಿಡುತ್ತೇವೆ. ಲಕ್ಕಮ್ಮ ಬೇಡವೆಂದದ್ದು ಅಕ್ಕಿಯನ್ನಲ್ಲ, ಅಳತೆ ಮೀರಿದ ಅಕ್ಕಿಯನ್ನು. ಉಪಕಸುಬಿಗೂ ಇದೇ ನ್ಯಾಯ ಸಲ್ಲುತ್ತದೆ. ಮಣ್ಣು, ವಿದ್ಯುತ್ತು, ಮನೆಯ ಖರ್ಚು ಇವಕ್ಕೆ ಆಸರೆಯಾಗುವಷ್ಟು ಅದು ಇರಲಿ. ಕಾಯಕವನ್ನೇ ಹೊರಗಟ್ಟುವಷ್ಟು ಬೆಳೆದರೆ ಅದು ಲಕ್ಕಮ್ಮ ಹಿಂದಿರುಗಿಸಿದ ಅಕ್ಕಿ.

ಉಪಕಸುಬು ಕೀಳೆಂದು ನಾವು ಹೇಳುತ್ತಿಲ್ಲ. ಇಪ್ಪತ್ತನೆಯ ಶತಮಾನದ ಹೆಸರಾಂತ ಮಣ್ಣಿನ ಕಲಾವಿದೆ ಲೂಸಿ ರೀ ಅವರ ಬದುಕು ಇದಕ್ಕೆ ನಿದರ್ಶನ. 1902ರಲ್ಲಿ ವಿಯೆನ್ನಾದಲ್ಲಿ ಜನಿಸಿದ ಆಕೆ, ಯಹೂದಿಯಾದ ಕಾರಣ 1938ರಲ್ಲಿ ತಾಯ್ನಾಡನ್ನು ತೊರೆದು ಲಂಡನ್ನಿಗೆ ಬರಬೇಕಾಯಿತು. ಯುದ್ಧಕಾಲದಲ್ಲಿ ಹೊಟ್ಟೆಪಾಡಿಗಾಗಿ ಆಕೆ ಮಾಡಿದ್ದು ಉಡುಪುಗಳಿಗೆ ಹಚ್ಚುವ ಗುಂಡಿಗಳನ್ನು. ಆ ಗುಂಡಿಗಳ ಕೆಲಸಕ್ಕೆ ನೆರವಾಗಲು 1946ರಲ್ಲಿ ಹ್ಯಾನ್ಸ್ ಕೋಪರ್ ಎಂಬ ಇನ್ನೊಬ್ಬ ನಿರಾಶ್ರಿತ ಬಂದು ಸೇರಿದನು; ಮುಂದೆ ಆತನೂ ದೊಡ್ಡ ಕಲಾವಿದನಾದನು. ಗುಂಡಿಗೆ ಬಗೆಬಗೆಯ ಬಣ್ಣ ಕೂಡಿಸುವಾಗ ದೊರೆತ ಲೇಪಗಳ ಅನುಭವ ಆಕೆಯ ಬಟ್ಟಲುಗಳಿಗೂ ಒದಗಿತು. ಹಸಿ ಪಾತ್ರೆಗೇ ಲೇಪ ಹಚ್ಚಿ ಎರಡರ ಬದಲು ಒಂದೇ ಸಲ ಸುಡುವ ಕ್ರಮವನ್ನು ಆಕೆ ರೂಢಿಸಿಕೊಂಡಿದ್ದಳು. 1995ರಲ್ಲಿ ತೀರಿಕೊಂಡ ಆಕೆಯನ್ನು ಲೋಕ ಇಂದು ನೆನೆಯುವುದು ಮುಖ್ಯವಾಗಿ ಬಟ್ಟಲುಗಳಿಗಾಗಿ. ಗುಂಡಿಗಳು ಬಟ್ಟಲುಗಳನ್ನು ಸಾಕಿದವು, ನುಂಗಲಿಲ್ಲ.

ಇನ್ನು ಸಂಸಾರದ ಮಾತು. ನಮ್ಮ ದೇಶದಲ್ಲಿಯೇ ಬಡೋದೆಯ ಜ್ಯೋತ್ಸ್ನಾ ಭಟ್ ಅವರ ಉದಾಹರಣೆಯಿದೆ. 1940ರಲ್ಲಿ ಕಚ್ಛದ ಮಾಂಡವಿಯಲ್ಲಿ ಜನಿಸಿದ ಅವರು ಬಡೋದೆಯ ಲಲಿತಕಲಾ ವಿಭಾಗದಲ್ಲಿ ದೀರ್ಘಕಾಲ ಸಿರಾಮಿಕ್ ಕಲೆಯನ್ನು ಬೋಧಿಸಿದರು. ಪತಿ ಜ್ಯೋತಿ ಭಟ್ ಅವರೂ ಚಿತ್ರಕಲಾವಿದರು, ಛಾಯಾಗ್ರಾಹಕರು. ಪಾಠ, ಮನೆ, ಮಗಳ ಪಾಲನೆ ಇವುಗಳ ನಡುವೆಯೇ 2020ರಲ್ಲಿ ತೀರಿಕೊಳ್ಳುವವರೆಗೆ ಅವರ ಕೈ ಮಣ್ಣನ್ನು ಬಿಡಲಿಲ್ಲ. ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೊರಾ ಸ್ಮಿತ್ ದಂಪತಿಗಳು 1971ರಲ್ಲಿ ಆರಂಭಿಸಿದ ಗೋಲ್ಡನ್ ಬ್ರಿಜ್ ಪಾಟರಿಯನ್ನೂ ನೆನೆಯಬಹುದು. ದಿನಬಳಕೆಯ ಪಾತ್ರೆಗಳ ತಯಾರಿಕೆ ಒಂದು ಕಡೆ, ಶಿಷ್ಯರಿಗೆ ವಿದ್ಯಾದಾನ ಇನ್ನೊಂದು ಕಡೆ. ಭಾರ ಇಬ್ಬರ ಹೆಗಲ ಮೇಲೂ ಇದ್ದುದರಿಂದ ಆ ಸಂಸ್ಥೆ ದಶಕಗಳ ಕಾಲ ನಡೆದು ಎಷ್ಟೋ ಕಲಾವಿದರನ್ನು ನಾಡಿಗೆ ಕೊಟ್ಟಿತು.

ಆದರೆ ಎಲ್ಲರಿಗೂ ಕಲಾವಿದ ಪತಿಯೋ ಪತ್ನಿಯೋ ದೊರೆಯುವುದಿಲ್ಲ. ಅಂಥ ಮನೆಗಳಲ್ಲಿ ಹೊತ್ತನ್ನು ಹಂಚಿಕೊಳ್ಳುವುದು ಹೇಗೆ? ಇದಕ್ಕೆ ಉತ್ತರವನ್ನು ಮಣ್ಣಿನ ಸ್ವಭಾವವೇ ಹೇಳುತ್ತದೆ. ತಿಗರಿಯ ಮೇಲೆ ಎತ್ತಿದ ಪಾತ್ರೆಯನ್ನು ಅದೇ ದಿನ ಮುಗಿಸಲಾಗದು. ಅದು ಚಕ್ಕಳದ ಹದಕ್ಕೆ ಬಂದ ಮೇಲೆ ತಳವನ್ನು ಕೆತ್ತಬೇಕು. ಆಮೇಲೆ ನೆರಳಿನಲ್ಲಿ ದಿನಗಟ್ಟಲೆ ಆರಬೇಕು. ನಡುವೆ ಮನೆಯಲ್ಲಿ ಏನಾದರೂ ಅಡಚಣೆ ಬಂದರೆ ಒದ್ದೆ ಬಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿದರಾಯಿತು, ಪಾತ್ರೆ ಅದೇ ಹದದಲ್ಲಿ ಇನ್ನೂ ಕೆಲವು ದಿನ ಕಾಯುತ್ತದೆ. ಗಾಜಿನಂಥ ಲೇಪ ಹಚ್ಚುವ ಕೆಲಸವನ್ನೂ ಅರ್ಧ ಗಂಟೆ, ಮುಕ್ಕಾಲು ಗಂಟೆಯಂತೆ ತುಂಡು ತುಂಡಾಗಿ ಮಾಡಬಹುದು.

ಬೆಂಕಿ ಮಾತ್ರ ಕಾಯುವುದಿಲ್ಲ. ಭಟ್ಟಿಯ ಕಾವು ಮೊದಲು ನಿಧಾನವಾಗಿ ಏರಬೇಕು. ಮಣ್ಣಿನಲ್ಲಿ ಉಳಿದ ನೀರು 100 ಡಿಗ್ರಿಯಲ್ಲಿ ಆವಿಯಾಗುವಾಗ ಅವಸರಪಟ್ಟರೆ ಪಾತ್ರೆ ಸಿಡಿಯುತ್ತದೆ. 573 ಡಿಗ್ರಿ ಸೆಂಟಿಗ್ರೇಡಿನಲ್ಲಿ ಮಣ್ಣಿನೊಳಗಣ ಬೆಣಚುಕಲ್ಲಿನ ಕಣಗಳು ಏರುವಾಗ ಹಠಾತ್ತನೆ ಹಿಗ್ಗುತ್ತವೆ, ಇಳಿಯುವಾಗ ಕುಗ್ಗುತ್ತವೆ. ಆರುವ ಹೊತ್ತಿನಲ್ಲಿ ಆತುರಪಟ್ಟವರ ಪಾತ್ರೆಗಳು ಬಿರಿಯುವುದಕ್ಕೆ ಇದೂ ಒಂದು ಕಾರಣ. ಕೆಂಪು ಮಡಕೆಗಳು ಸಾಮಾನ್ಯವಾಗಿ 1000 ಡಿಗ್ರಿಯ ಆಸುಪಾಸಿನೊಳಗೆ ಬೆಂದರೆ, ಕಲ್ಲಿನಂತೆ ಗಟ್ಟಿಯಾಗುವ ಸ್ಟೋನ್‌ವೇರ್ ಪಾತ್ರೆಗಳಿಗೆ 1200ರಿಂದ 1300 ಡಿಗ್ರಿಯ ಕಾವು ಬೇಕು. ಏರಲು ಹಗಲೆಲ್ಲ ಹಿಡಿದರೆ, ಆರಲು ಅಷ್ಟೇ ಅಥವಾ ಅದಕ್ಕೂ ಹೆಚ್ಚಿನ ಹೊತ್ತು ಹಿಡಿಯುತ್ತದೆ. ಮಗುವಿನ ಹಸಿವು, ಹಿರಿಯರ ಕಾಯಿಲೆ ಇವೂ ಬೆಂಕಿಯಂತೆಯೇ ಕಾಯುವುದಿಲ್ಲ.

ಆದ್ದರಿಂದ ನಾವು ಆ ಮನೆಯವರೊಡನೆ ಕುಳಿತು ಒಂದು ವಿಂಗಡಣೆ ಮಾಡಿದೆವು. ಕಾಯುವ ಕೆಲಸಗಳು ಯಾವುವು? ಕಾಯದ ಕೆಲಸಗಳು ಯಾವುವು? ಕಾಯದ ಎರಡು ಕೆಲಸಗಳು ಒಂದೇ ದಿನ ಎದುರುಬದುರಾಗದಂತೆ ನೋಡಿಕೊಳ್ಳುವುದೇ ಮನೆಯ ಜಾಣತನ. ಭಟ್ಟಿಗೆ ಹದಿನೈದು ದಿನಕ್ಕೊಂದು ರವಿವಾರವನ್ನು ಗೊತ್ತುಮಾಡಲಾಯಿತು. ಅಂದು ಪತಿಯ ರಜೆ, ಮಗುವಿನ ಭಾರ ಅವನದು. ಆ ದಿನ ಮಗು ಹಾಸಿಗೆ ಹಿಡಿದಿದ್ದರೆ ಭಟ್ಟಿಯನ್ನು ಹಚ್ಚತಕ್ಕದ್ದೇ ಅಲ್ಲ. ಹಸಿ ಪಾತ್ರೆಗಳು ಇನ್ನೂ ಹದಿನೈದು ದಿನ ಕಪಾಟಿನಲ್ಲಿ ಕೂಡುತ್ತವೆ. ತಿಗರಿಯ ಮುಂದೆ ಕೂಡಲು ಬೆಳಗಿನ ಐದರಿಂದ ಏಳರವರೆಗಿನ ಹೊತ್ತು. ಆಗ ಮಗು ಏಳುವುದಿಲ್ಲ, ಒಂದು ವೇಳೆ ಎದ್ದರೆ ಅಜ್ಜಿ ಇದ್ದಾರೆ. ಮಕ್ಕಳ ತರಗತಿ ಶನಿವಾರ ಮಾತ್ರ, ಏಕೆಂದರೆ ಅದರಿಂದ ತಿಂಗಳಿಗೆ ನಿಶ್ಚಿತ ಆದಾಯವಿದೆ. ಮದುವೆಯ ಉಡುಗೊರೆಗಳ ಬೇಡಿಕೆಯನ್ನು ವರ್ಷದಲ್ಲಿ ಎರಡು ತಿಂಗಳು ಮಾತ್ರ ಒಪ್ಪುವುದು.

ಮನೆಯವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಒಣಗಿದ ಮಣ್ಣಿನ ಸೂಕ್ಷ್ಮ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಿನಲ್ಲಿ ಸೇರಿದರೆ ಶ್ವಾಸಕೋಶಗಳಿಗೆ ಅಪಾಯ. ಆ ಕೋಣೆಯನ್ನು ಕಸಬರಿಗೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಮಕ್ಕಳ ಊಟ-ನಿದ್ದೆ ಅಲ್ಲಿ ಕೂಡದು. ಸೀಸವುಳ್ಳ ಲೇಪವನ್ನು ಉಣ್ಣುವ ಪಾತ್ರೆಗಳಿಗೆ ಬಳಸಲೇಬಾರದು. ಕಾಯಕಕ್ಕೆ ಬೇರೆಯದೇ ಒಂದು ಕೋಣೆ ಬೇಕೆಂದು ಸೊಸೆ ಕೇಳಿದರೆ ಅದು ಹಟವಲ್ಲ, ಮನೆಯ ಆರೋಗ್ಯದ ಮಾತು.

ವರ್ಷವೊಂದು ಕಳೆದಿದೆ. ಭಟ್ಟಿ ಮಾರಾಟವಾಗಲಿಲ್ಲ. ಆಕೆ ತನ್ನ ಸ್ವಂತ ಕೆಲಸಕ್ಕೆಂದು ಒಂಬತ್ತು ಸಲ ಭಟ್ಟಿ ಸುಟ್ಟಳು. ಆದಾಯ ಕಡಿಮೆಯಾಯಿತೆಂಬುದೂ ನಿಜ. ಕಾರು ಕೊಳ್ಳುವ ವಿಚಾರವನ್ನು ಆ ಮನೆಯವರು ಮುಂದಕ್ಕೆ ಹಾಕಿದರು. ಪತಿಗೆ ಈ ಬಗ್ಗೆ ಒಮ್ಮೊಮ್ಮೆ ಬೇಸರ ಬರುವುದುಂಟು. ಅವನು ಅದನ್ನು ನಮ್ಮೆದುರು ಮುಚ್ಚಿಡಲಿಲ್ಲ. ಆದರೆ ಅತ್ತೆಯವರಲ್ಲಿ ಆದ ಬದಲಾವಣೆ ನಮಗೆ ಸೋಜಿಗ ತಂದಿತು. ಒಮ್ಮೆ ಸೊಸೆ ಮಣ್ಣು ನಾದುವುದನ್ನು ನೋಡುತ್ತ ನಿಂತಿದ್ದವರು, "ಇದು ನಮ್ಮ ರೊಟ್ಟಿ ಹಿಟ್ಟು ನಾದಿದಂಗ ಐತಲ್ಲವಾ, ಸರಿ ಆ ಕಡೆ" ಎಂದು ತಾವೇ ಕೈ ಹಚ್ಚಿದರಂತೆ. ಐವತ್ತು ವರ್ಷ ಜೋಳದ ಹಿಟ್ಟು ನಾದಿದ ಆ ಅಂಗೈಗೆ ಮಣ್ಣಿನೊಳಗಣ ಗಾಳಿಯನ್ನು ಹೊರಗಟ್ಟುವುದು ಕಷ್ಟವಾಗಲಿಲ್ಲ. ಈಗ ವಾರಕ್ಕೆರಡು ದಿನ ಮಣ್ಣು ನಾದುವುದು ಅವರ ಕೆಲಸ. ಖರ್ಚು-ವೆಚ್ಚದ ವಹಿಯನ್ನು ಮಾವನವರು ಬರೆಯುತ್ತಾರೆ.

ಸದ್ಭಕ್ತರಲ್ಲಿ ನಮ್ಮದೊಂದು ವಿನಂತಿ. ನಿಮ್ಮ ಮನೆಯ ಮಗಳೋ ಸೊಸೆಯೋ ಮಗನೋ ಇಂಥ ಒಂದು ಕಲೆಯನ್ನು ಕಾಯಕವೆಂದು ಹಿಡಿದಿದ್ದರೆ, "ಮನೆ ಬೇಕೋ ಕಲೆ ಬೇಕೋ" ಎಂದು ಕೇಳಬೇಡಿರಿ. ಕಳೆದ ವರ್ಷ ಅವರ ಹೊತ್ತು ಎಲ್ಲಿ ಹೋಯಿತೆಂದು ಅವರೊಡನೆ ಕುಳಿತು ಎಣಿಸಿ ನೋಡಿರಿ. ಮಿಗಿಲಾದ ಅಕ್ಕಿ ಯಾವುದೆಂಬುದು ಆಗ ತಾನಾಗಿ ತಿಳಿಯುತ್ತದೆ. ಆಮೇಲೆ ನಿಮ್ಮ ಕೈಗೆ ಒಗ್ಗುವ ಒಂದು ಕೆಲಸವನ್ನು ಕೇಳಿ ಪಡೆಯಿರಿ. ಕೇತಲದೇವಿ ಇದ್ದ ಮನೆಯಲ್ಲಿಯೇ ಗುಂಡಯ್ಯನ ಮಡಕೆ ನುಡಿದದ್ದು.