ಅರಮನೆಯೂರಿನ ಸಾಸ್

ಪ್ಯಾರಿಸ್‌ಗೆ ಹೋದವರು ಐಫೆಲ್ ಗೋಪುರ ನೋಡಿ ಮರಳುವುದೇ ಹೆಚ್ಚು. ನಿಮಗೆ ಅರ್ಧ ದಿನದ ಬಿಡುವಿದ್ದರೆ ಆರ್‌ಇಆರ್ 'ಎ' ರೈಲು ಹತ್ತಿ ಸೇಂಟ್ ಜರ್ಮೇನ್ ಆನ್ ಲೇ ಎಂಬ ಊರಿನಲ್ಲಿ ಇಳಿಯಿರಿ. ನಿಲ್ದಾಣದ ಮೆಟ್ಟಿಲು ಹತ್ತಿ ಬಂದರೆ ಎದುರಿಗೇ ಹಳೆಯ ಅರಮನೆ. ಉದ್ಯಾನ ದಾಟಿದರೆ 17ನೇ ಶತಮಾನದಲ್ಲಿ ಲೆ ನೋತ್ರ್ ರೂಪಿಸಿದ, ಎರಡು ಕಿಲೋಮೀಟರಿಗೂ ಉದ್ದದ ಜಗಲಿ. ಕೆಳಗೆ ಸೇನ್ ನದಿ, ಅದರಾಚೆ ಮಬ್ಬಾಗಿ ಪ್ಯಾರಿಸ್. ಅಲ್ಲಿ ಎಷ್ಟು ಹೊತ್ತು ಕುಳಿತರೂ ಎದ್ದು ಬರಲು ಮನಸ್ಸಾಗದು.

ಜಗಲಿಯ ಒಂದು ತುದಿಯಲ್ಲಿ ನಾಲ್ಕನೆಯ ಹೆನ್ರಿಯ ಹೆಸರಿನ ಕಟ್ಟಡವಿದೆ. 1638ರಲ್ಲಿ ಹದಿನಾಲ್ಕನೆಯ ಲೂಯಿ ಹುಟ್ಟಿದ ಅರಮನೆಯಲ್ಲಿ ಉಳಿದಿರುವ ಭಾಗವಿದು. 1830ರ ದಶಕದಲ್ಲಿ ಇಲ್ಲಿ ಊಟದ ಮನೆ ತೆರೆದಾಗ 'ಬೇರ್ನೇಸ್' ಸಾಸ್ ಹುಟ್ಟಿತೆಂಬುದು ಊರಿನ ಹೆಮ್ಮೆ. ಹೆನ್ರಿ ಹುಟ್ಟಿದ ಬೇರ್ನ್ ಸೀಮೆಯ ಹೆಸರೇ ಅದಕ್ಕೆ ಬಂತಂತೆ. ಮೊಟ್ಟೆಯ ಹಳದಿ ಮತ್ತು ಬೆಣ್ಣೆಯ ಹಾಲಂಡೇಸ್ ಸಾಸ್‌ಗೆ ಟ್ಯಾರಗನ್ ಸೊಪ್ಪಿನ ಪರಿಮಳ ಸೇರಿದರೆ ಬೇರ್ನೇಸ್.

ಆದರೆ ಹೋಟೆಲುಗಳಲ್ಲಿ ಇದಕ್ಕೆ ದ್ರಾಕ್ಷಾರಸದ ಮದ್ಯ ಹಾಕುವ ರೂಢಿಯಿದೆ. ಕುದಿಸಿದರೆ ಹೋಗುತ್ತದೆ ಎಂಬ ಸಮಾಧಾನ ನಮಗೇಕೆ? ಮೊಮ್ಮಗ ಆಸೆಪಟ್ಟದ್ದನ್ನು ನಾನು ಮಗನ ಮನೆಯಲ್ಲೇ ಮಾಡಿದೆ.

ನಾಲ್ಕು ಚಮಚ ವಿನೆಗರ್, ಎರಡು ಚಮಚ ನೀರು, ಸಣ್ಣಗೆ ಹೆಚ್ಚಿದ ಎರಡು ಸಾಂಬಾರ್ ಈರುಳ್ಳಿ, ಜಜ್ಜಿದ ಕರಿಮೆಣಸು, ಟ್ಯಾರಗನ್ ಕಡ್ಡಿಗಳನ್ನು ಕುದಿಸಿ. ಎರಡು ಚಮಚದಷ್ಟು ಉಳಿದಾಗ ಸೋಸಿ ಆರಿಸಿ. ಅದನ್ನು ಮೂರು ಮೊಟ್ಟೆಯ ಹಳದಿಗೆ ಬೆರೆಸಿ, ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕಡೆಯುತ್ತಲೇ ಇರಿ. ಬಟ್ಟಲಿನ ತಳಕ್ಕೆ ನೀರು ತಾಗಬಾರದು. ಮಿಶ್ರಣ ಕೆನೆಯಂತಾದಾಗ ಕರಗಿಸಿದ 150 ಗ್ರಾಂ ಬೆಣ್ಣೆಯನ್ನು ಮೊದಲು ತೊಟ್ಟು ತೊಟ್ಟಾಗಿ, ಬಳಿಕ ಸಣ್ಣ ಧಾರೆಯಾಗಿ ಸೇರಿಸಿ.

ನಾನು ಅವಸರಪಟ್ಟು ಬೆಣ್ಣೆಯನ್ನು ಒಮ್ಮೆಲೇ ಸುರಿದೆ. ಸಾಸ್ ಒಡೆದು ಎಣ್ಣೆ ಬೇರೆಯಾಯಿತು. ಮೊಮ್ಮಗನ ಮುಖ ಬಾಡಿತು. ಸೊಸೆ ಮಾತಾಡದೆ ಇನ್ನೊಂದು ಬಟ್ಟಲಿಗೆ ಒಂದು ಹಳದಿ, ಒಂದು ಚಮಚ ಬೆಚ್ಚಗಿನ ನೀರು ಹಾಕಿ, ಒಡೆದದ್ದನ್ನು ಸ್ವಲ್ಪಸ್ವಲ್ಪವೇ ಬೆರೆಸುತ್ತಾ ಕಡೆದಳು. ಮತ್ತೆ ಕೂಡಿಕೊಂಡಿತು! ಹಳದಿಯಲ್ಲಿರುವ ಲೆಸಿಥಿನ್ ಎಂಬ ಅಂಶ ಬೆಣ್ಣೆಯನ್ನೂ ನೀರನ್ನೂ ಹಿಡಿದಿಡುತ್ತದೆ. ಆದರೆ ಉರಿ ಹೆಚ್ಚಾದರೆ ಮೊಟ್ಟೆ ಗಂಟುಕಟ್ಟುತ್ತದೆ, ಅದಕ್ಕೆ ಮದ್ದಿಲ್ಲ.

ಕೊನೆಗೆ ಉಪ್ಪು, ಹೆಚ್ಚಿದ ಟ್ಯಾರಗನ್ ಎಲೆ ಹಾಕಿ ಬೆಚ್ಚಗಿರುವಾಗಲೇ ಬಡಿಸಿ. ಹಳದಿ ಪೂರ್ತಿ ಬೇಯದ ಕಾರಣ ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಬೇಡ. ಟ್ಯಾರಗನ್ ನಮ್ಮೂರಲ್ಲಿ ಸುಲಭವಾಗಿ ಸಿಗದು. ಅದರ ಪರಿಮಳ ಸೋಂಪನ್ನು ಹೋಲುವುದರಿಂದ ನಾನೀಗ ಚಿಟಿಕೆ ಸೋಂಪನ್ನು ವಿನೆಗರ್‌ನಲ್ಲೇ ಕುದಿಸುತ್ತೇನೆ. ಮಸಾಲೆ ಹಚ್ಚದೆ ಕಾವಲಿಯಲ್ಲಿ ಹುರಿದ ಅಂಜಲ್ ಮೀನಿನ ಮೇಲೆ ಸುರಿದಾಗ, ಮಂಗಳೂರಿನ ನಮ್ಮ ಮನೆಯವರು ಎರಡನೇ ತುಂಡು ಕೇಳಿದರು.